ಬಿಸಿಲು ಬಿದ್ದ ದಿನ ಹಾಯಿ ಬಿಚ್ಚಬೇಡಿ

ಮೇ ತಿಂಗಳು ಬಂತೆಂದರೆ ನ್ಯೂಜಿಲೆಂಡಿನ ಒಪುವಾ ಬಂದರು ಮದುವೆ ಛತ್ರವೇ. ಚಂಡಮಾರುತದ ಕಾಲ ಏಪ್ರಿಲ್ ಕೊನೆಗೆ ಮುಗಿದಿರುತ್ತದೆ. ಹಾಯಿದೋಣಿಗಳೆಲ್ಲ ಫಿಜಿಯತ್ತ ಮುಖ ಮಾಡಿ ನಿಂತಿವೆ. ಹತ್ತಿರಹತ್ತಿರ 1,050 ನಾಟಿಕಲ್ ಮೈಲಿ. ದಿನಕ್ಕೆ 130 ಹಿಡಿದರೆ ಎಂಟು ದಿನ. ಮುಹೂರ್ತವೊಂದು ಬಾಕಿ.

ಹೊಸಬರು ಕಾಯುವುದು ಬಿಸಿಲಿಗೆ. ಆಕಾಶ ತಿಳಿ, ನೀರು ಕನ್ನಡಿ, ಒಗೆದ ಬಟ್ಟೆ ಗರಿಗರಿ: ‘ಇವತ್ತೇ ಹೊರಡೋಣ!’ ಎಡವುವುದು ಅಲ್ಲೇ. ವಾಯುವಿನ ಅಧಿಕ ಒತ್ತಡದ ವಲಯ, ಅಂದರೆ ‘ಹೈ’, ನೆತ್ತಿಯ ಮೇಲೆ ಕೂತಿದ್ದರೆ ಹವೆ ಹೀಗಿರುತ್ತದೆ. ಅದರ ನಡುವೆ ಗಾಳಿಯೇ ಇಲ್ಲ. ಒಂದೂವರೆ ದಿನ ಎಂಜಿನ್ನಿಗೆ ಡೀಸೆಲ್ ಕುಡಿಸಿದ ಮೇಲೆ ಹೈ ಪೂರ್ವಕ್ಕೆ ಜಾರುತ್ತದೆ, ಅದರ ಬೆನ್ನಿಗೇ ಉತ್ತರದ ಎದುರುಗಾಳಿ.

ಸರಿಯಾದ ದಿನ ನೋಡಲು ಚೆನ್ನಾಗಿರುವುದಿಲ್ಲ. ತಣ್ಣನೆಯ ಹವೆಯ ಮುಂಚೂಣಿ, ಅಂದರೆ ಫ್ರಂಟ್, ಈಗಷ್ಟೇ ದಾಟಿದೆ, ಗಾಳಿ ನೈರುತ್ಯಕ್ಕೆ ತಿರುಗಿದೆ, ಚಳಿಗೆ ಹಲ್ಲು ಕಟಕಟ. ಆದರೆ ಬ್ಯಾರೋಮೀಟರ್ ಏರುತ್ತಿದೆ. ದಕ್ಷಿಣ ಗೋಳಾರ್ಧದಲ್ಲಿ ಗಾಳಿ ಹೈಯನ್ನು ಅಪ್ರದಕ್ಷಿಣೆ ಸುತ್ತುವುದರಿಂದ, ಬರಲಿರುವ ಹೈಯ ಪೂರ್ವದ ಅಂಚು ನಿಮ್ಮನ್ನು ಎರಡು ಮೂರು ದಿನ ಹಿಂದಿನಿಂದ ನೂಕುತ್ತದೆ. ಹಾಗೆಂದು ಫ್ರಂಟಿನ ಬಾಲ ಹಿಡಿದೇ ಓಡಬಾರದು. ಗಾಳಿ 25 ನಾಟ್‌ಗಿಂತ (ನಾಟ್ ಎಂದರೆ ಗಂಟೆಗೊಂದು ನಾಟಿಕಲ್ ಮೈಲಿ) ಕೆಳಗಿಳಿಯಲಿ. ಹೈ 1030 ಹೆಕ್ಟೋಪ್ಯಾಸ್ಕಲ್ ದಾಟಿದ್ದರೆ ಅದೂ ಅನುಮಾನಾಸ್ಪದ: ಉತ್ತರದ ಅಂಚಿನಲ್ಲಿ ಸಮಭಾರ ರೇಖೆಗಳು (ನಕ್ಷೆಯಲ್ಲಿ ಒಂದೇ ಒತ್ತಡದ ಜಾಗಗಳನ್ನು ಜೋಡಿಸುವ ಗೆರೆಗಳು) ಒತ್ತರಿಸಿಕೊಂಡು ಆಗ್ನೇಯ ಗಾಳಿ 30 ನಾಟ್‌ಗೆ ಏರೀತು.

ಇನ್ನು ಅಲೆ. ‘ಎರಡೇ ಮೀಟರ್’ ಎಂಬ ಸಮಾಧಾನ ಸಾಲದು, ಎಷ್ಟು ಸೆಕೆಂಡಿಗೊಂದು? ಹತ್ತಕ್ಕೊಂದಾದರೆ ತೊಟ್ಟಿಲು. ಐದಕ್ಕೊಂದಾದರೆ ದೋಣಿಯೇ ಮೊರ, ಒಳಗಿದ್ದವರು ಅಕ್ಕಿ. ತೂಗುವ ಒಲೆಯೇನೋ ಮಟ್ಟವಾಗಿ ನಿಲ್ಲುತ್ತದೆ. ಅದರ ಹಿಡಿಕೆಗಳನ್ನು ಪಾತ್ರೆಗೆ ಬಿಗಿಯದಿದ್ದರೆ ಸಾರು ಮಾತ್ರ ನಿಲ್ಲುವುದಿಲ್ಲ. ಒಗ್ಗರಣೆ ಸಮೇತ ನಕ್ಷೆಯ ಮೇಲೆ. ಮೊದಲ ರಾತ್ರಿ ಹಾಸಿಗೆ ಮೇಲಿನ ಹ್ಯಾಚ್‌ನ (ಚಾವಣಿ ಕಿಂಡಿಯ) ಎರಡು ಚಿಲಕಗಳಲ್ಲಿ ಒಂದನ್ನೇ ಹಾಕಿದವರ ಹಾಸಿಗೆ ಫಿಜಿವರೆಗೂ ಒಣಗದು, ಉಪ್ಪು ತೇವ ಎಳೆಯುತ್ತಲೇ ಇರುತ್ತದಲ್ಲ.

ಮುನ್ಸೂಚನೆ ನಂಬಬಹುದಾದದ್ದು ನಾಲ್ಕೈದು ದಿನ; ಪ್ರಯಾಣ ಎಂಟು. ಹವಾಮಾನ ಲೆಕ್ಕಹಾಕುವ ಕಂಪ್ಯೂಟರ್ ಮಾಡೆಲ್‌ಗಳಲ್ಲಿ ಅಮೆರಿಕದ ಜಿಎಫ್‌ಎಸ್ ದಕ್ಷಿಣದ ಗಾಳಿ, ಯುರೋಪಿಯನ್ ಮಾಡೆಲ್ ಉತ್ತರದ ಗಾಳಿ ಎಂದಾಗ ಸರಾಸರಿ ತೆಗೆಯುವ ಬುದ್ಧಿವಂತರಿದ್ದಾರೆ. ಎರಡೂ ಒಪ್ಪುವವರೆಗೆ ಲಂಗರು ಎತ್ತದಿರುವುದೇ ವಾಸಿ. ಆದರೆ ಫಿಜಿಯಲ್ಲಿ ದೋಣಿ ಹತ್ತಲೆಂದು ಭಾವಮೈದುನ ಆಗಲೇ ವಿಮಾನದ ಟಿಕೆಟ್ ತೆಗೆಸಿರುತ್ತಾನೆ. ಅವನು ಅಲ್ಲಿ ಎಳನೀರು ಕುಡಿಯುತ್ತಿರಲಿ. ಇಲ್ಲಿ ಇನ್ನೆರಡು ಕಿಲೋ ಈರುಳ್ಳಿ ತನ್ನಿ.