95 ಡಿಗ್ರಿ ಕಂಡ ಕೂಡಲೇ ಪೇಸ್ಟ್ ಬಳಿಯಬೇಡಿ

"ಪ್ರೊಸೆಸರ್ 95 ಡಿಗ್ರಿ ಮುಟ್ಟಿದರೆ ಸುಟ್ಟೇ ಹೋಗುತ್ತೆ, ತಕ್ಷಣ ಥರ್ಮಲ್ ಪೇಸ್ಟ್ ದಪ್ಪಗೆ ಹಚ್ಚಿ" ಎಂಬ ಸಂದೇಶ ಗ್ರೂಪ್‌ಗಳಲ್ಲಿ ಓಡಾಡುತ್ತಿದೆ. ಎರಡು ಮಾತೂ ತಪ್ಪು. (ಥರ್ಮಲ್ ಪೇಸ್ಟ್ ಅಂದರೆ ಕಂಪ್ಯೂಟರಿನ ಮುಖ್ಯ ಚಿಪ್ ಆದ ಪ್ರೊಸೆಸರ್‌ಗೂ ಅದನ್ನು ತಂಪಾಗಿಡುವ ಕೂಲರ್‌ಗೂ ನಡುವೆ ಹಚ್ಚುವ ಲೇಪ.)

2022ರಲ್ಲಿ ಬಂದ ಎಎಂಡಿ ಕಂಪನಿಯ ರೈಜನ್ 7950ಎಕ್ಸ್ ಪ್ರೊಸೆಸರ್ ನೋಡಿ. ಭಾರಿ ಕೆಲಸ ಕೊಟ್ಟರೆ 95 ಡಿಗ್ರಿವರೆಗೆ ಹೋಗಿ ಅಲ್ಲೇ ನಿಲ್ಲುವಂತೆ ಅದನ್ನು ಮಾಡಿದ್ದಾರೆ. ಮಿತಿ ದಾಟುವಂತಿದ್ದರೆ ಚಿಪ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಅದೂ ಸಾಲದಿದ್ದರೆ ಕಂಪ್ಯೂಟರ್ ಆಫ್ ಆಗುತ್ತದೆ. ಇಂಟೆಲ್‌ನ ಎಷ್ಟೋ ಡೆಸ್ಕ್‌ಟಾಪ್ ಚಿಪ್‌ಗಳ ಮಿತಿಯಂತೂ 100 ಡಿಗ್ರಿ.

ಸುಮ್ನೆ ಬ್ರೌಸರ್ ತೆರೆದಿಟ್ಟಾಗಲೂ 80 ದಾಟುತ್ತಿದ್ದರೆ ಮಾತ್ರ ಏನೋ ಎಡವಟ್ಟಾಗಿದೆ ಎಂದರ್ಥ. ಮೊದಲು ಫ್ಯಾನ್ ತಿರುಗುತ್ತಿದೆಯಾ, ಧೂಳು ಕಟ್ಟಿದೆಯಾ ನೋಡಿ. ವಾಟರ್ ಕೂಲರ್ ಇದ್ದರೆ ಪಂಪ್ ಓಡುತ್ತಿರಬೇಕು. ಆಮೇಲೆ ಕೂಲರ್ ಬಿಚ್ಚಿ. ತಳದ ಪ್ಲಾಸ್ಟಿಕ್ ಹಾಳೆ ಕೀಳದೆ ಹಾಗೇ ಕೂರಿಸಿರುವುದೂ ಉಂಟು, ನಗಬೇಡಿ!

ಎಎಂ4 ಸಾಕೆಟ್‌ನ (ಸಾಕೆಟ್ ಅಂದರೆ ಮದರ್‌ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಜಾಗ) ಹಳೇ ರೈಜನ್ ಆದರೆ ಕೂಲರನ್ನು ನೇರ ಮೇಲಕ್ಕೆ ಎಳೆಯಬೇಡಿ. ಒಣಗಿದ ಪೇಸ್ಟ್ ಹಿಡಿದುಕೊಂಡು ಪ್ರೊಸೆಸರೇ ಪಿನ್ ಸಮೇತ ಕಿತ್ತು ಬರಬಹುದು. ಸ್ವಲ್ಪ ಹೊತ್ತು ಗೇಮ್ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ, ಪ್ಲಗ್ ಕಿತ್ತು, ಮೆಲ್ಲಗೆ ತಿರುಚಿ ತೆಗೆಯಿರಿ.

ಪೇಸ್ಟ್ ಇರುವುದು ಎರಡು ಲೋಹಗಳ ನಡುವಿನ ಸಣ್ಣ ಸಂದು ತುಂಬಲು ಅಷ್ಟೇ. ಲೋಹದಷ್ಟು ಚೆನ್ನಾಗಿ ಅದು ಶಾಖ ಸಾಗಿಸುವುದಿಲ್ಲ. ಮಾಮೂಲಿ ಚಿಪ್‌ಗೆ ಬಟಾಣಿ ಕಾಳಿನಷ್ಟು ಸಾಕು, ಜಾಸ್ತಿ ಹಾಕಿದರೆ ಅಂಚಿನಿಂದ ಹೊರಗೆ ಬಂದು ರಾಡಿಯಾಗುತ್ತದೆ.

ಆದರೂ 95 ನೋಡಿದರೆ ಕಸಿವಿಸಿ ಆಗುತ್ತೆ ಅಂತೀರಾ? ರೈಜನ್ ಇದ್ದರೆ ಬಯೋಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಸೆಟ್ಟಿಂಗ್ಸ್) ವಿದ್ಯುತ್ ಬಳಕೆ ತಗ್ಗಿಸುವ ಇಕೋ ಮೋಡ್ ಹಾಕಿ. ವೇಗ ಸ್ವಲ್ಪ ಕಡಿಮೆಯಾದರೂ ಬಿಸಿ ಚೆನ್ನಾಗಿಯೇ ಇಳಿಯುತ್ತದೆ.