‘ಅಪಲೂಸ’ ಅಂದರೆ ‘ಚುಕ್ಕೆ ಕುದುರೆ’ ಅಲ್ಲ

ಚುಕ್ಕೆ ಚುಕ್ಕೆಯ ಕುದುರೆಯೊಂದರ ಫೋಟೋ ಜೊತೆಗೆ ಒಂದು ಮೆಸೇಜ್ ಓಡಾಡುತ್ತಿದೆ. ‘ಅಪಲೂಸ’ ಅನ್ನೋ ಈ ಕುದುರೆ ತಳಿಯನ್ನು ಬೆಳೆಸಿದವರು ಅಮೆರಿಕದ ಮೂಲನಿವಾಸಿಗಳಾದ ನೆಜ್ ಪರ್ಸ್ ಜನ, ಹೆಸರೂ ಅವರದ್ದೇ ಮಾತು, ಅದರ ಅರ್ಥ ‘ಚುಕ್ಕೆ ಇರುವ ಕುದುರೆ’ ಎಂದು ಅದರಲ್ಲಿದೆ. ಹೆಸರಿನ ಬಗ್ಗೆ ಹೇಳಿದ್ದು ತಪ್ಪು.

ಹೆಸರು ಬಂದದ್ದು ಪಲೂಸ್ ನದಿಯ ಸೀಮೆಯಿಂದ. ಐಡಹೊ, ವಾಷಿಂಗ್ಟನ್ ರಾಜ್ಯಗಳಲ್ಲಿ ಹರಿದು ಸ್ನೇಕ್ ನದಿ ಸೇರುವ ನದಿ ಅದು. ಅಲ್ಲಿಗೆ ಬಂದು ನೆಲೆಸಿದ ಬಿಳಿಯರು ಆ ಕಡೆಯ ಕುದುರೆಯನ್ನು ‘ಎ ಪಲೂಸ್ ಹಾರ್ಸ್’ ಎನ್ನುತ್ತಿದ್ದರು. ಬಾಯಿಂದ ಬಾಯಿಗೆ ಹೋಗುತ್ತಾ ‘ಎ’ ಕೂಡ ಹೆಸರಿಗೇ ಅಂಟಿಕೊಂಡಿತು. 1938ರಲ್ಲಿ ಆರೆಗಾನ್ ರಾಜ್ಯದ ಮೊರೊ ಊರಲ್ಲಿ ತಳಿಯ ಕ್ಲಬ್ ಶುರುವಾದಾಗ ‘ಅಪಲೂಸ’ ಅನ್ನೋದೇ ಅಧಿಕೃತ ಹೆಸರಾಯಿತು.

ಹೆಸರು ಅವರದ್ದಲ್ಲದಿದ್ದರೂ ಈ ಕುದುರೆಗಳನ್ನು ಆರಿಸಿ ಬೆಳೆಸಿದ ಹಿರಿಮೆ ನೆಜ್ ಪರ್ಸ್ ಜನರದ್ದೇ. ಮೆಸೇಜಿನ ಆ ಭಾಗ ಸರಿ. 1877ರ ಯುದ್ಧದಲ್ಲಿ ಸೋತ ಮೇಲೆ ಅವರ ಕುದುರೆಗಳೂ ಕೈತಪ್ಪಿದವು. ಅಂದಹಾಗೆ, ‘ನೆಜ್ ಪರ್ಸ್’ ಕೂಡ ಫ್ರೆಂಚರು ಇಟ್ಟ ಹೆಸರು. ಆ ಜನ ತಮ್ಮನ್ನು ಕರೆದುಕೊಳ್ಳುವುದು ‘ನಿಮೀಪೂ’ ಎಂದು.

ಇನ್ನು ಚುಕ್ಕೆಯ ವಿಷಯ. ಎಲ್ಲ ಅಪಲೂಸಗಳಿಗೂ ಚುಕ್ಕೆ ಇರಲ್ಲ, ಕೆಲವು ಒಂದೇ ಬಣ್ಣದವು. ಹತ್ತಿರದಿಂದ ನೋಡಿದರೆ ಕಣ್ಣಿನ ಬಣ್ಣದ ಭಾಗದ ಸುತ್ತ ಮನುಷ್ಯರ ಹಾಗೆ ಬಿಳಿ, ಗೊರಸಿನ ಮೇಲೆ ಉದ್ದುದ್ದ ಪಟ್ಟೆ, ಮೂತಿಯ ಚರ್ಮದಲ್ಲಿ ಮಚ್ಚೆ. ತಳಿಯ ಗುರುತಾಗಿ ಇವನ್ನೂ ನೋಡುತ್ತಾರೆ.

ಫೋಟೋ ಚೆನ್ನಾಗಿದೆ, ನಿಜ. ಆದರೆ ಆ ಮೆಸೇಜನ್ನು ಸುಮ್ನೆ ಮುಂದಕ್ಕೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿನಲ್ಲಿ ಇದನ್ನೂ ಹಾಕಿಬಿಡಿ.