ಹೆಲ್ಮೆಟ್ ಹಾಕದ ಕಾರು

ನನ್ನ ಕಾರು ಹೆಲ್ಮೆಟ್ ಹಾಕಿಕೊಳ್ಳದೆ ಓಡಾಡಿದೆಯಂತೆ. ದಂಡ 500 ರೂಪಾಯಿ.

ಸುಮ್ನೆ ಹೇಳುತ್ತಿಲ್ಲ, ಚಲನ್ ಜೊತೆ ಫೋಟೊ ಸಾಕ್ಷಿಯೂ ಬಂದಿದೆ. ಫೋಟೊದಲ್ಲಿ ಇರುವುದು ಒಂದು ಸ್ಕೂಟರ್. ಅದರ ಮೇಲೆ ಗಾಳಿಗೆ ಕೂದಲು ಬಿಟ್ಟುಕೊಂಡ ಹುಡುಗ. ನಂಬರ್ ಪ್ಲೇಟಿನಲ್ಲಿ ‘ಎಚ್’ ಅಕ್ಷರ ಚೆನ್ನಾಗಿಯೇ ಕಾಣುತ್ತದೆ. ಅದನ್ನು ಯಾರೋ ಪುಣ್ಯಾತ್ಮರು ‘ಎಂ’ ಅಂತ ಟೈಪ್ ಮಾಡಿದ್ದಾರೆ. ನಮ್ಮ ರಾಜ್ಯದಲ್ಲಿ ‘ಎಂ’ ಸೀರೀಸ್ ಸಾಮಾನ್ಯವಾಗಿ ಕಾರಿನದು. ಒಂದೇ ಅಕ್ಷರದಲ್ಲಿ ಸ್ಕೂಟರಿಗೆ ಇನ್ನೆರಡು ಚಕ್ರ ಬಂದವು, ದಂಡ ನನ್ನ ತಲೆಗೆ ಬಂತು.

ಕಣ್ಣಿದ್ದವರಿಗೆ ಫೋಟೊ ತೋರಿಸಿದರೆ ಮುಗಿಯಿತಲ್ಲ ಅಂದುಕೊಂಡು ಠಾಣೆಗೆ ಹೋದೆ.

‘ಸಾರ್, ಇದು ಸ್ಕೂಟರ್. ನನ್ನದು ಕಾರು.’

ಅವರು ಫೋಟೊ ನೋಡಿದರು. ಕಂಪ್ಯೂಟರ್ ನೋಡಿದರು. ‘ಸ್ಕೂಟರೇ, ಸರಿ. ಆದ್ರೆ ಸಿಸ್ಟಮ್ಮಲ್ಲಿ ನಿಮ್ಮ ನಂಬರ್ ತೋರಿಸ್ತಿದೆಯಲ್ಲ?’

‘ಅದೇ ತಪ್ಪಾಗಿರೋದು ಸಾರ್.’

‘ಹಾಗಾದ್ರೆ ಈ ಸ್ಕೂಟರ್ ನಿಮ್ಮದಲ್ಲ ಅನ್ನೋದಕ್ಕೆ ದಾಖಲೆ ತನ್ನಿ.’

ಇರುವ ಗಾಡಿಗೆ ಆರ್‌ಸಿ ಉಂಟು. ಇಲ್ಲದ ಗಾಡಿಗೆ ಏನು ತರೋದು? ಕೊನೆಗೆ ಕಾರಿನ ಆರ್‌ಸಿ, ಇನ್ಶೂರೆನ್ಸ್, ಡಿಎಲ್, ಆಧಾರ್ ಎಲ್ಲದರ ಜೆರಾಕ್ಸ್ ಇಟ್ಟು, ನಾಲ್ಕೂ ಕಡೆಯಿಂದ ತೆಗೆದ ಕಾರಿನ ಫೋಟೊ ಅಂಟಿಸಿ, ಮೇಲೊಂದು ಅರ್ಜಿ ಬರೆದೆ. ‘ವಿಷಯ: ನನ್ನ ಕಾರು ಹೆಲ್ಮೆಟ್ ಧರಿಸದೆ ಇರುವ ಬಗ್ಗೆ. ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಸದರಿ ಕಾರಿಗೆ ತಲೆ ಇರುವುದಿಲ್ಲ.’

ಅರ್ಜಿಗೆ ಸಾಹೇಬ್ರ ಸಹಿ ಬೇಕು. ಸಾಹೇಬ್ರು ಬಂದೋಬಸ್ತಿಗೆ ಹೋಗಿದ್ದಾರೆ. ಮಂತ್ರಿಗಳ ಕಾರ್ಯಕ್ರಮ ಮುಗಿದರೆ ಕ್ರಿಕೆಟ್ ಮ್ಯಾಚ್, ಅದು ಮುಗಿದರೆ ಗಣೇಶನ ಮೆರವಣಿಗೆ. ಆಟೊ, ಜೆರಾಕ್ಸ್, ಅರ್ಧ ದಿನದ ರಜೆ ಎಲ್ಲ ಸೇರಿ ಖರ್ಚು ದಂಡವನ್ನು ಯಾವಾಗಲೋ ಓವರ್‌ಟೇಕ್ ಮಾಡಿತ್ತು. ಅದೂ ಎಡಗಡೆಯಿಂದ.

‘ಯಾಕೆ ಸಾರ್ ಒದ್ದಾಡ್ತೀರಾ? ಮುಂದಿನ ಆಫರ್ ಬರೋವರೆಗೆ ಕಾಯಿರಿ’ ಅಂದರು ಬೆಂಚಿನ ಮೇಲೆ ಪಕ್ಕದಲ್ಲಿ ಕೂತವರೊಬ್ಬರು. ಅನುಭವಸ್ಥರು, ಫೈಲ್ ದಪ್ಪಗಿತ್ತು. ಮಾತು ಸುಳ್ಳಲ್ಲ. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಶೇಕಡ 50 ರಿಯಾಯಿತಿ ಕೊಟ್ಟಾಗ ಜನ ಕ್ಯೂ ನಿಂತು ನೂರು ಕೋಟಿಗೂ ಜಾಸ್ತಿ ಕಟ್ಟಿದರು. 2025ರ ಆಗಸ್ಟಿನಲ್ಲಿ ಮತ್ತೆ ಅದೇ ಆಫರ್. ಥೇಟ್ ಆಷಾಢ ಸೇಲ್. ಸಿಗ್ನಲ್ ಜಂಪ್ ಮಾಡಿ ಮರುದಿನವೇ ಪೂರ್ತಿ ದಂಡ ಕಟ್ಟಿದವನು ಪೆದ್ದ, ವರ್ಷಗಟ್ಟಲೆ ಕಟ್ಟದೆ ಕೂತವನು ಜಾಣ. ಹಾಗಂತ ತಪ್ಪೇ ಮಾಡದವರನ್ನು ಸರ್ಕಾರ ಮರೆತಿಲ್ಲ. ಅವರಿಗೂ ಅರ್ಧ ಬೆಲೆಯೇ!

ನಾನು ಹಟ ಬಿಡಲಿಲ್ಲ. ಅರ್ಜಿಗೆ ಸಹಿ ಬಿತ್ತು, ಸೀಲೂ ಬಿತ್ತು. ಕೆಲವು ದಿನಗಳಲ್ಲಿ ಮೊಬೈಲಿಗೆ ಮೆಸೇಜೂ ಬಂತು: ‘ನಿಮ್ಮ ದೂರನ್ನು ಪರಿಶೀಲಿಸಿ, ತಪ್ಪನ್ನು ಸರಿಪಡಿಸಲಾಗಿದೆ.’

ಖುಷಿಯಿಂದ ಚಲನ್ ತೆಗೆದು ನೋಡಿದೆ. ನಂಬರ್ ನನ್ನದೇ. ಫೋಟೊ ಅದೇ ಸ್ಕೂಟರಿನದು. ಅಪರಾಧದ ಜಾಗದಲ್ಲಿ ಮಾತ್ರ ಹೆಲ್ಮೆಟ್ ಅಳಿಸಿ, ‘ಸೀಟ್ ಬೆಲ್ಟ್ ಧರಿಸಿಲ್ಲ’ ಅಂತ ಹಾಕಿದ್ದಾರೆ.